ಸಫಾರಿ ಸೂಟಿನ ಅಪ್ಪ, ಟೇಪು ಹಾಕಿಕೊಂಡ ಅಪ್ಪ

ನಮ್ಮಪ್ಪನ ಫೋಟೊಗಳು ಮನೆಯಲ್ಲಿ ಬೇಕಾದಷ್ಟಿವೆ. ಒಂದರಲ್ಲೂ ಅಪ್ಪ ಅಪ್ಪನ ಹಾಗಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಬಾಸಿಂಗದ ಹಿಂದೆ ಅರ್ಧ ಮುಖ ಕಾಣುತ್ತದೆ. ತಂಗಿ ಮದುವೆಯಲ್ಲಿ ಅಕ್ಷತೆ ಹಾಕಲು ಬಂದವರ ಸಾಲಿನ ಕೊನೆಯಲ್ಲಿ, ಊಟದ ಹಾಲ್ ಕಡೆ ನೋಡುತ್ತಾ ನಿಂತಿದ್ದಾರೆ. ಆಧಾರ್ ಕಾರ್ಡಿನ ಫೋಟೊ ಬಿಡಿ, ಅದರಲ್ಲಿ ಯಾರು ತಾನೇ ಚೆನ್ನಾಗಿದ್ದಾರೆ? ಫೋನಿನಲ್ಲಿರುವುದೆಲ್ಲ ಯಾವುದೋ ಮಗುವಿನ ಹುಟ್ಟುಹಬ್ಬದ ಕೇಕಿನ ಪಕ್ಕ ತೆಗೆದದ್ದು.

ತಂಗಿ ಮೈಸೂರಿನಲ್ಲಿ ಮನೆ ಕಟ್ಟಿಸಿದ ಮೇಲೆ, ಹಾಲ್‌ಗೆ ಅಪ್ಪನದೊಂದು ದೊಡ್ಡ ಫೋಟೊ ಬೇಕೇ ಬೇಕು ಎಂದು ಹಟ ಹಿಡಿದಳು. ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬೆಂಗಳೂರಿನಲ್ಲಿ ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ರಜೆ ಸಿಕ್ಕಾಗ ನಾಮಕರಣ, ನಿಶ್ಚಿತಾರ್ಥ, ಗೃಹಪ್ರವೇಶ ಅಂತ ಕ್ಯಾಮೆರಾ ಹಿಡಿದು ಓಡಾಡುವವನು. ಗೊತ್ತಿಲ್ಲದವರ ಫೋಟೊ ತೆಗೆಯುವುದು ಸುಲಭ. ಮನೆಯವರದು ಕಷ್ಟ. ಅವರು ಹೇಗಿರುತ್ತಾರೆ ಅಂತ ನಮಗೆ ಮೊದಲೇ ಒಂದು ತೀರ್ಮಾನ ಇರುತ್ತದಲ್ಲ, ಅದೇ ಅಡ್ಡ ಬರುತ್ತದೆ.

ಅಪ್ಪ ದಾವಣಗೆರೆಯಲ್ಲಿ ಟೈಲರ್. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಕೆಲಸ ಕಲಿತವರು. ಹತ್ತಿ ಗಿರಣಿಗಳ ಕಾರ್ಮಿಕರು ಬೋನಸ್ ಬಂದ ವಾರ ಪ್ಯಾಂಟ್ ಪೀಸು ಹಿಡಿದು ಸಾಲಾಗಿ ಬರುತ್ತಿದ್ದರಂತೆ. ಗಿರಣಿಗಳು ಮುಚ್ಚಿದವು, ರೆಡಿಮೇಡ್ ಬಂತು, ಅಂಗಡಿ ಮಾತ್ರ ಚೌಕಿಪೇಟೆ ಕಡೆಯ ಒಂದು ಗಲ್ಲಿಯಲ್ಲಿ ಹಾಗೇ ಇದೆ. ಹತ್ತಡಿ ಅಗಲ. ಮುಂದೆ ಕಟಿಂಗ್ ಟೇಬಲ್, ಹಿಂದೆ ಕಾಲಲ್ಲಿ ತುಳಿಯುವ ಎರಡು ಮೆಷಿನ್.

ಫೋಟೊ ವಿಷಯ ಎತ್ತಿದ ಕೂಡಲೇ ಅಪ್ಪ ಕೇಳಿದ್ದು ಒಂದೇ ಮಾತು. “ಯಾಕಪ್ಪಾ, ಈಗ್ಲೇ ಹಾರಕ್ಕೆ ಅಳತೆ ತಗೊಳ್ಳಾಕೆ ಬಂದಿಯೇನು?”

ಇದನ್ನು ತಮಾಷೆ ಅಂತ ತಳ್ಳಿಹಾಕುವ ಹಾಗಿಲ್ಲ. ನಮ್ಮ ಕಡೆ ಮನೆಗಳಲ್ಲಿ ಒಬ್ಬರದೇ ಮುಖ ಇರುವ ದೊಡ್ಡ ಫೋಟೊ ಹಾಲಿನ ಗೋಡೆಯಲ್ಲಿದ್ದರೆ ಅದಕ್ಕೆ ಅರ್ಥ ಒಂದೇ. ಗಾಜಿನ ಮೇಲೆ ಕುಂಕುಮ, ಗಂಧದ ಹಾರ, ಮೇಲೊಂದು ಝೀರೋ ಕ್ಯಾಂಡಲ್ ಬಲ್ಬು. ಬದುಕಿರುವವರು ಗುಂಪಿನಲ್ಲಿರುತ್ತಾರೆ, ಆಲ್ಬಮ್ಮಿನಲ್ಲಿರುತ್ತಾರೆ. ಒಂಟಿಯಾಗಿ ಗೋಡೆ ಏರುವುದಿಲ್ಲ. ಅಮ್ಮ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅವಳಿಗೂ ಅದೇ ಅಳುಕು. ತಂಗಿ ತನ್ನ ಮಗನನ್ನೂ ಸೇರಿಸಿ ಅಪ್ಪ, ಅಮ್ಮ, ಮೊಮ್ಮಗ ಅಂತ ತೆಗೆಯೋಣ ಎಂದಳು. “ಮೂರು ಜನ ಒಂದು ಫೋಟೊದಲ್ಲಿ ನಿಲ್ಲಬಾರ್ದು” ಎಂದು ಅಮ್ಮ ಅದಕ್ಕೂ ಕಲ್ಲು ಹಾಕಿದಳು.

ನಾನು ವಾದ ಮಾಡಲಿಲ್ಲ. ಬೇರೆ ರೀತಿ ಯೋಚಿಸಿದೆ. ಹಾರ ಹಾಕುವ ಫೋಟೊ ಹೇಗಿರುತ್ತದೆ? ಹೆಚ್ಚಿನವು ಯಾವುದೋ ಪಾಸ್‌ಪೋರ್ಟ್ ಸೈಜಿನದನ್ನೇ ಹಿಗ್ಗಿಸಿದ್ದು. ನೀಲಿ ಅಥವಾ ಬಿಳಿ ಹಿನ್ನೆಲೆ. ಭುಜಕ್ಕೆ ಕತ್ತರಿಸಿರುತ್ತಾರೆ, ಕೈ ಕಾಣುವುದೇ ಇಲ್ಲ. ಆ ಮನುಷ್ಯ ಎಲ್ಲಿದ್ದ, ಏನು ಮಾಡುತ್ತಿದ್ದ, ಒಂದೂ ಗೊತ್ತಾಗುವುದಿಲ್ಲ. ಅಂದರೆ ನಮ್ಮ ಫೋಟೊದಲ್ಲಿ ಜಾಗ ಇರಬೇಕು, ಕೆಲಸ ಇರಬೇಕು, ಮುಖ್ಯವಾಗಿ ಕೈ ಇರಬೇಕು. ಅಂಗಡಿಯಲ್ಲೇ ತೆಗೆಯೋಣ ಎಂದಾಗ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. “ಅಂಗಡೀದಾ? ಹಂಗಾದ್ರೆ ಆಗ್ಲಿ” ಎಂದರು.

ಆಮೇಲೆ ನಾನು ಮಾಡಿದ್ದು ಕ್ಯಾಮೆರಾ ಇಲ್ಲದೆ ಅಂಗಡಿಯಲ್ಲಿ ಕೂತದ್ದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ ಭಾಗ. ಫೋಟೊಗ್ರಫಿ ವಿಡಿಯೊಗಳಲ್ಲಿ ಹೇಳುವ ಹಾಗೆ “ನಿಮ್ಮ ವ್ಯಕ್ತಿತ್ವದ ಬಗ್ಗೆ ಹೇಳಿ” ಅಂತ ಅಪ್ಪನ ಹತ್ತಿರ ಕೇಳಿದ್ದರೆ ಟೇಪಿನಲ್ಲಿ ಬಾರಿಸುತ್ತಿದ್ದರು. ಸುಮ್ನೆ ವಸ್ತುಗಳ ಬಗ್ಗೆ ಕೇಳಿದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಹಳೇದು ಯಾವುದು? ಯಾವುದನ್ನು ಬೇರೆಯವರು ಮುಟ್ಟಿದರೆ ಸಿಟ್ಟು ಬರುತ್ತದೆ? ಯಾರ ಬಟ್ಟೆ ಹೊಲಿದದ್ದು ಇನ್ನೂ ನೆನಪಿದೆ?

ಹಳೇದು ಕತ್ತರಿ ಅಲ್ಲ, ಬಿಲ್ ಬುಕ್ಕು. ಅರ್ಧ ಖಾಲಿ ಇರುವ ಹಳೆಯ ಬಿಲ್ ಬುಕ್ಕೊಂದು ದೇವರ ಫೋಟೊದ ಕೆಳಗೆ ಇತ್ತು. ಅದರ ಮೇಲೆ “ದಾವಣಗೆರೆ, ಚಿತ್ರದುರ್ಗ ಜಿಲ್ಲೆ” ಎಂದು ಅಚ್ಚಾಗಿದೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೊಸ ಬುಕ್ಕು ಮಾಡಿಸಿದ ಮೇಲೂ ಹಳೇದನ್ನು ಎಸೆದಿಲ್ಲ. ಒಂದೊಂದು ಬಿಲ್ಲಿನ ಹಿಂಬದಿಗೂ ಆ ಬಟ್ಟೆಯ ಚೂರು ಪಿನ್ ಮಾಡಿದೆ. ಟೆರಿಕಾಟ್, ಗ್ಯಾಬರ್ಡಿನ್, ಒಂದು ಕಡೆ ಗಿಳಿ ಹಸಿರು ಬಣ್ಣದ ಬೆಲ್ ಬಾಟಮ್ ಬಟ್ಟೆ. ಅದನ್ನು ಹೊಲಿಸಿಕೊಂಡವರು ಈಗ ತಾತ ಆಗಿದ್ದಾರೆ, ಇಲ್ಲೇ ಮುಂದಿನ ರಸ್ತೆಯಲ್ಲಿದ್ದಾರೆ ಎಂದು ಅಪ್ಪ ನಕ್ಕರು.

ಬೇರೆಯವರು ಮುಟ್ಟಬಾರದ್ದು ಕತ್ತರಿ. ಅದರಲ್ಲಿ ಕಾಗದ ಕತ್ತರಿಸಿದರೆ ಬಾಯಿ ಹೋಗುತ್ತದೆ. ಅದಕ್ಕಿಂತ ಮುಖ್ಯ, ಬಟ್ಟೆ ಇಲ್ಲದೆ ಖಾಲಿ ಕತ್ತರಿ ಆಡಿಸಬಾರದು, ಆಡಿಸಿದರೆ ಜಗಳ. ಈ ಮಾತು ಕೇಳಿದಾಗಲೇ ನನ್ನ ಯೋಜನೆಯ ಅರ್ಧ ಭಾಗ ನಿರ್ಧಾರವಾಯಿತು. “ಕತ್ತರಿಸೋ ಥರ ಆಕ್ಟ್ ಮಾಡಿ” ಅಂತ ಈ ಮನುಷ್ಯನಿಗೆ ಹೇಳುವ ಹಾಗಿಲ್ಲ. ಕತ್ತರಿ ಫೋಟೊದಲ್ಲಿ ಬರಬೇಕಾದರೆ ನಿಜವಾದ ಬಟ್ಟೆ ಬೇಕು, ನಿಜವಾದ ಗಿರಾಕಿ ಬೇಕು. ಸರಿ, ತಂಗಿಯ ಗಂಡನಿಗೆ ಒಂದು ಶರ್ಟ್ ಹೊಲಿಸುವುದು ಎಂದಾಯಿತು. ಫೋಟೊ ತೆಗೆಯುವ ದಿನವೇ ಅಳತೆ, ಅವತ್ತೇ ಕಟಿಂಗ್. ಅಪ್ಪನಿಗೆ ಅದು ಫೋಟೊ ಸೆಷನ್ ಅಲ್ಲ, ಅಳಿಯನ ಶರ್ಟ್ ಆರ್ಡರ್. ನಾನು ಪಕ್ಕದಲ್ಲಿ ಇರುವವನು, ಅಷ್ಟೇ.

ಇಲ್ಲಿಗೆ ಎಲ್ಲ ಸಲೀಸಾಯಿತು ಅಂದುಕೊಳ್ಳುವಷ್ಟರಲ್ಲಿ ಬಟ್ಟೆಯ ಪ್ರಶ್ನೆ ಬಂತು.

ನನ್ನ ತಲೆಯಲ್ಲಿದ್ದ ಅಪ್ಪ ಅರ್ಧ ತೋಳಿನ ಮಾಸಲು ಶರ್ಟು, ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲ್. ತಂಗಿಯ ಅಪ್ಪ ರೇಷ್ಮೆ ಪಂಚೆ, ಶಲ್ಯ. ಅಪ್ಪನ ಅಪ್ಪ ಬೇರೆಯೇ. ಬೀರುವಿನಲ್ಲಿ ನೇವಿ ಬ್ಲೂ ಸಫಾರಿ ಸೂಟೊಂದಿದೆ. ಅವರೇ ಕತ್ತರಿಸಿ ಅವರೇ ಹೊಲಿದದ್ದು. ನಾಲ್ಕು ಜೇಬು, ಜೇಬಿನ ಮೇಲೆ ಫ್ಲಾಪು, ಬೆನ್ನಿಗೆ ಪಟ್ಟಿ. “ಫೋಟೊ ಅಂದ್ರೆ ಅದನ್ನ ಹಾಕ್ಕೊಂಡು ನೆಟ್ಟಗೆ ನಿಂತು ತೆಗಿಸ್ಬೇಕು” ಎಂದರು.

ನೆಟ್ಟಗೆ ನಿಲ್ಲುವುದು. ನಮ್ಮಂಥವರಿಗೆ ಅದೇ ದೊಡ್ಡ ಅಲರ್ಜಿ. ಸಹಜ ಫೋಟೊ ಅಂದರೆ ಕ್ಯಾಮೆರಾ ನೋಡಬಾರದು, ನಗುತ್ತಿರಬೇಕು, ಏನೋ ಮಾಡುತ್ತಿರಬೇಕು ಅಂತ ನಾವೇ ಒಂದು ಕಾನೂನು ಮಾಡಿಕೊಂಡಿದ್ದೇವೆ. ಆದರೆ ಅಪ್ಪನ ತಲೆಮಾರಿಗೆ ಫೋಟೊ ಅಂದರೆ ಸ್ಟುಡಿಯೊಗೆ ಹೋಗಿ ಬರುವುದು. ಎರಡು ಲೆನ್ಸಿನ ಯಾಶಿಕಾ ಕ್ಯಾಮೆರಾ, 120 ಅನ್ನುವ ಅಗಲದ ಫಿಲ್ಮ್ ರೋಲು, ಒಂದು ರೋಲಿಗೆ ಚೌಕದ 12 ಫೋಟೊ. ಆ ಹನ್ನೆರಡರಲ್ಲಿ ನಿಮ್ಮ ಪಾಲಿಗೆ ಒಂದು. ಹಿಂದೆ ಅರಮನೆಯದೋ ಜಲಪಾತದ್ದೋ ಬಣ್ಣದ ಪರದೆ. ಬಾಚಣಿಗೆ, ಪೌಡರ್ ಡಬ್ಬಿ ಕನ್ನಡಿ ಮುಂದೆ ಇಟ್ಟಿರುತ್ತಿದ್ದರು. “ಗದ್ದ ಸ್ವಲ್ಪ ಕೆಳಗೆ, ಉಸಿರು ಹಿಡೀರಿ.” ಕಣ್ಣು ಮುಚ್ಚಿದರೆ ದುಡ್ಡು ಹೋಯಿತು. ಹಾಗೆ ಕಲಿತ ಮೈ ಕ್ಯಾಮೆರಾ ಮುಂದೆ ಬಿಗಿಯಾಗಿ ನಿಂತರೆ ಅದನ್ನು ಕೃತಕ ಅನ್ನಲು ನಾನ್ಯಾರು? ಮದುವೆಗೆ ಹೊರಟಾಗ, ಬ್ಯಾಂಕಿಗೆ ಹೋದಾಗ, ಮೇಷ್ಟರ ಮುಂದೆ ನಿಂತಾಗ ಅಪ್ಪ ಹೀಗೇ ನಿಲ್ಲುತ್ತಾರೆ. ಅದೂ ಅಪ್ಪನೇ.

ಹಾಗಾಗಿ ಎರಡು ಭಾಗ ಮಾಡಿದೆ. ಮೊದಲು ಸಫಾರಿ, ಅವರಿಗೆ ಬೇಕಾದ ಹಾಗೆ. ಆಮೇಲೆ ಅಂಗಡಿ ಬಟ್ಟೆ, ಶರ್ಟ್ ಕೆಲಸ. ಈ ಕ್ರಮ ಬೇಕಂತಲೇ ಮಾಡಿದ್ದು. ತಮಗೆ ಬೇಕಾದ ಫೋಟೊ ಸಿಕ್ಕಿದೆ ಅಂತ ಖಾತ್ರಿಯಾದ ಮೇಲೆ ಮನುಷ್ಯರು ಬಹಳ ಹಗುರಾಗುತ್ತಾರೆ. ಉಳಿದದ್ದೆಲ್ಲ ಮಗನ ಖುಷಿಗೆ ಅಂತ ಬಿಟ್ಟುಕೊಡುತ್ತಾರೆ. ಮೊದಲೇ ನಮ್ಮ ಆಸೆ ಹೇರಿದರೆ ಕೊನೆತನಕ ಮುಖದಲ್ಲಿ “ಇನ್ನೂ ಆಗ್ಲಿಲ್ವಾ” ಅಂತಲೇ ಬರೆದಿರುತ್ತದೆ. ತಂಗಿಯ ರೇಷ್ಮೆ ಪಂಚೆಯನ್ನು ನಾನೇ ಕೈಬಿಟ್ಟೆ. ಅಪ್ಪ ಅದನ್ನು ಉಟ್ಟದ್ದು ಬೇರೆಯವರು ಉಡಿಸಿದಾಗ ಮಾತ್ರ.

ಅಂಗಡಿ ಬಟ್ಟೆಯಲ್ಲೂ ಒಂದು ತೊಡಕಿತ್ತು. ಅಪ್ಪನ ಹತ್ತಿರ ಸಣ್ಣ ಚೌಕಳಿ ಶರ್ಟುಗಳೇ ಜಾಸ್ತಿ. ತೀರಾ ಸಣ್ಣ ಚೌಕಳಿ, ಒತ್ತೊತ್ತಾದ ಗೆರೆ ಇರುವ ಬಟ್ಟೆ ಡಿಜಿಟಲ್ ಕ್ಯಾಮೆರಾದಲ್ಲಿ ಒಮ್ಮೊಮ್ಮೆ ಅಲೆಅಲೆಯಾಗಿ, ಕಾಮನಬಿಲ್ಲಿನ ಬಣ್ಣ ಬಂದ ಹಾಗೆ ಕಾಣುತ್ತದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಚುಕ್ಕಿಗಳ ಜಾಲವೂ ಬಟ್ಟೆಯ ಎಳೆಗಳ ಜಾಲವೂ ಒಂದರ ಮೇಲೊಂದು ಬಂದಾಗ ಆಗುವ ಗಲಾಟೆ ಅದು. ಬೆಳ್ಳಗಿನ ಬಿಳಿ ಶರ್ಟೂ ಬೇಡ. ಅಪ್ಪನದು ಎಣ್ಣೆಗಪ್ಪು ಮೈಬಣ್ಣ. ಬಿಳಿಯನ್ನು ಉಳಿಸಲು ಹೋದರೆ ಮುಖ ಕತ್ತಲಾಗುತ್ತದೆ, ಮುಖಕ್ಕೆ ಬೆಳಕು ಸರಿಮಾಡಿದರೆ ಶರ್ಟು ಸುಣ್ಣದ ಗೋಡೆಯಾಗುತ್ತದೆ. ಕಾಫಿ ಬಣ್ಣದ ಒಂದು ಹಳೆಯ ಶರ್ಟ್ ಆರಿಸಿದೆವು. ಕಾಲರ್ ತಿರುಗಿಸಿ ಹೊಲಿದದ್ದು. ಮೇಲಿನ ಮಡಿಕೆ ಸವೆದಾಗ ಕಾಲರ್ ಬಿಚ್ಚಿ ಒಳಮೈ ಹೊರಗೆ ಮಾಡಿ ಮತ್ತೆ ಹೊಲಿಯುತ್ತಾರಲ್ಲ, ಹಾಗೆ. ಈಗ ಎಷ್ಟು ಜನ ಹೀಗೆ ಮಾಡಿಸುತ್ತಾರೋ.

ಇನ್ನು ಬೆಳಕು. ಇದರಲ್ಲಿ ನಮ್ಮ ಅದೃಷ್ಟ ದೊಡ್ಡದು. ಅಂಗಡಿಯ ಬಾಗಿಲು ಉತ್ತರಕ್ಕೆ. ಶಟರ್ ಪೂರ್ತಿ ಎತ್ತಿದರೆ ಹತ್ತಡಿ ಅಗಲದ ಕಿಟಕಿ ತೆರೆದಂತೆಯೇ. ಚಳಿಗಾಲದಲ್ಲಿ ನೇರ ಬಿಸಿಲು ಒಳಗೆ ಬರುವುದೇ ಇಲ್ಲ, ಮೆತ್ತನೆಯ ಬೆಳಕು ಮಾತ್ರ. ಬೆಳಕು ಮೆತ್ತಗಾಗಿಸಲು ದುಡ್ಡು ಕೊಟ್ಟು ತರುವ ಸಾಫ್ಟ್‌ಬಾಕ್ಸ್ ಯಾವುದೂ ಇಷ್ಟು ದೊಡ್ಡದಿರುವುದಿಲ್ಲ. ಶಟರಿನ ಹತ್ತಿರ ಬೆಳಕು ತುಂಬಾ ಇರುತ್ತದೆ, ಒಳಗೆ ಹೋದಂತೆ ಬೇಗ ಕಡಿಮೆಯಾಗುತ್ತದೆ. ಅಪ್ಪ ಟೇಬಲ್ಲಿನ ಹತ್ತಿರ ನಿಂತರೆ ಮುಖ ಬೆಳಗುತ್ತದೆ, ಹಿಂದಿನ ಮೆಷಿನ್, ನೇತುಹಾಕಿದ ಬಟ್ಟೆಗಳು ಮಸುಕಾಗಿ ಕಾಣುತ್ತವೆ. ಬೇರೆ ಏನೂ ಬೇಕಾಗಿಲ್ಲ.

ಆದರೆ ಎದುರಿನ ಅಂಗಡಿಗೆ ಹೊಸದಾಗಿ ಕೆಂಪು ಫ್ಲೆಕ್ಸ್ ಬೋರ್ಡು ಹಾಕಿದ್ದರು. ಆ ಕಟ್ಟಡ ದಕ್ಷಿಣಕ್ಕೆ ಮುಖ ಮಾಡಿದೆ. ಹೊತ್ತು ಏರಿದ ಮೇಲೆ ಬಿಸಿಲು ನೇರ ಬೋರ್ಡಿಗೆ ಬಿದ್ದು, ಆ ಕೆಂಪು ನಮ್ಮ ಅಂಗಡಿಯೊಳಕ್ಕೆ ಬರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನಿನಲ್ಲಿ ಒಂದು ಫೋಟೊ ತೆಗೆದು ಅಪ್ಪನ ಎಡಗೆನ್ನೆ ನೋಡಿದಾಗ ಕಂಡಿತು. ಹಾಗಾಗಿ ಬೆಳಿಗ್ಗೆ, ಬೋರ್ಡಿನ ಮೇಲೆ ಇನ್ನೂ ಪಕ್ಕದ ಕಟ್ಟಡದ ನೆರಳಿರುವಾಗಲೇ ಮುಗಿಸಬೇಕು ಎಂದು ತೀರ್ಮಾನವಾಯಿತು. ಜಾಗ ನೋಡಲು ಹೋಗುವವರು ಯಾವ ಹೊತ್ತಿಗೆ ಫೋಟೊ ತೆಗೆಯುತ್ತೀರೋ ಅದೇ ಹೊತ್ತಿಗೆ ಹೋಗಿ ನೋಡಿ. ಸಂಜೆ ನೋಡಿ ಬೆಳಿಗ್ಗೆ ತೆಗೆಯುವುದು ಬೇರೆ ಊರಿಗೆ ಹೋದಂತೆಯೇ.

ಟ್ಯೂಬ್‌ಲೈಟ್ ಆರಿಸುವುದು ಅಂತಲೂ ಬರೆದುಕೊಂಡೆ. ಹೊರಗಿನ ಬೆಳಕಿನ ಬಣ್ಣ ಒಂದು, ಟ್ಯೂಬಿನದು ಇನ್ನೊಂದು, ದೇವರ ಮುಂದಿನ ಬಲ್ಬಿನದು ಮತ್ತೊಂದು. ಮೂರೂ ಸೇರಿದರೆ ಮುಖದಲ್ಲಿ ಒಂದು ಕಡೆ ಹಸಿರು, ಒಂದು ಕಡೆ ಹಳದಿ. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಸರಿಮಾಡುವುದಕ್ಕಿಂತ ಸ್ವಿಚ್ಚು ಒತ್ತುವುದು ಸುಲಭ ಅಲ್ವಾ?

ತಿಂಗಳು ಯಾವುದು ಎಂದು ಅಪ್ಪನೇ ಹೇಳಿದರು: ಧನುರ್ಮಾಸ. ಆಗ ಮದುವೆ ಇರುವುದಿಲ್ಲ. ಜೂನಿನ ಸ್ಕೂಲ್ ಯೂನಿಫಾರಂ ಗಲಾಟೆ, ದೀಪಾವಳಿ ಗಲಾಟೆ ಎಲ್ಲ ಮುಗಿದಿರುತ್ತದೆ. ಟೈಲರ್ ಕೈ ಖಾಲಿ ಇರುವುದು ಆಗಲೇ. ಕೆಲಸದ ಒತ್ತಡದಲ್ಲಿರುವವರ ಫೋಟೊ ತೆಗೆಯಲು ಹೋದರೆ ಸಿಗುವುದು ಒತ್ತಡದ ಫೋಟೊ.

ಅಮ್ಮನ ಕಾಟ ಬೇರೆ ಇತ್ತು. ಫೋಟೊ ಅಂದ ಕೂಡಲೇ ಅಂಗಡಿಗೆ ಸುಣ್ಣ ಹೊಡೆಸಬೇಕು, ಟೇಬಲ್ಲಿಗೆ ಹೊಸ ರೆಕ್ಸಿನ್ ಹಾಕಿಸಬೇಕು ಎಂದು ಶುರುಮಾಡಿದಳು. ಅವಳ ಮಾತಲ್ಲೂ ನ್ಯಾಯ ಇದೆ. ನೆಂಟರು ಬರುವಾಗ ಮನೆ ಗುಡಿಸಿದರೆ ಅದು ಮೋಸವೇನಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ತೆಗೆಯಬಹುದು, ತರುವ ಹಾಗಿಲ್ಲ. ಅದರಂತೆ ಮೊಬೈಲ್ ಚಾರ್ಜರ್ ವೈರು, ನೀಲಿ ನೀರಿನ ಕ್ಯಾನು, ಯಾರದೋ ಚುನಾವಣೆ ಕ್ಯಾಲೆಂಡರು, ಪ್ಲಾಸ್ಟಿಕ್ ಕವರುಗಳು ಹೊರಹೋದವು. ಉಳಿದದ್ದು ಚಾಕ್ ಗೆರೆಗಳಿಂದ ಬೆಳ್ಳಗಾದ ಟೇಬಲ್ಲು, ಕೊಕ್ಕೆಯಲ್ಲಿ ಬಿಲ್ಲಿನ ಸಮೇತ ತೂಗುವ ಬಟ್ಟೆಗಳು, ಅಪ್ಪನಿಗೆ ಕೆಲಸ ಕಲಿಸಿದ ಮಾಸ್ತರರ ಫೋಟೊ, ಆ ಹಳೆಯ ಬಿಲ್ ಬುಕ್ಕು. ಚೆಂದ ಕಾಣಲಿ ಅಂತ ಬಣ್ಣಬಣ್ಣದ ದಾರದ ಉಂಡೆಗಳನ್ನು ಸಾಲಾಗಿ ಜೋಡಿಸೋಣವೇ ಎಂದು ನನಗೂ ಕೈ ತುರಿಸಿತು. ಬಿಟ್ಟೆ. ಅಪ್ಪ ದಾರ ಇಡುವುದು ಬಿಸ್ಕತ್ ಡಬ್ಬಿಯಲ್ಲಿ.

ತಯಾರಿಯ ಹೊತ್ತಿನಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪು ಫೋಟೊಗಳನ್ನು. ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ 1979ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕಿಟ್ಟಿತ್ತು. ಅವರ ಫೋಟೊಗಳಲ್ಲಿ ಮಾಮೂಲಿ ಜನ ಮಾಮೂಲಿ ಕೆಲಸ ಮಾಡುತ್ತಾ ಇರುತ್ತಾರೆ, ಆದರೂ ಯಾರೂ ಬಡಪಾಯಿಗಳಾಗಿ ಕಾಣುವುದಿಲ್ಲ. ಈಗಿನ ಎಷ್ಟೋ “ಕುಶಲಕರ್ಮಿ” ಫೋಟೊಗಳಲ್ಲಿ ಸುಕ್ಕುಗಳನ್ನೇ ಎತ್ತಿ ತೋರಿಸಿ, ಕಪ್ಪು ಇನ್ನಷ್ಟು ಕಪ್ಪಾಗಿಸಿ, ಮುದುಕರನ್ನು ಒಣಗಿದ ಮರದ ತೊಗಟೆ ಮಾಡಿಬಿಡುತ್ತಾರೆ. ನನಗೆ ಅದು ಬೇಡವಾಗಿತ್ತು. ಅಪ್ಪ ಇನ್ನೂ ದಿನಕ್ಕೆ ಎರಡು ಪ್ಯಾಂಟ್ ಹೊಲಿಯುತ್ತಾರೆ.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎಪಿಎಸ್-ಸಿ ಅನ್ನುವ ಮಧ್ಯಮ ಗಾತ್ರದ ಸೆನ್ಸರಿನ ಒಂದು ಹಳೆಯ ಕ್ಯಾಮೆರಾ, 50 ಎಂಎಂ ಮತ್ತು 35 ಎಂಎಂ ಲೆನ್ಸು. 50ರಲ್ಲಿ ಸುಮಾರು ಎರಡು ಮೀಟರ್ ದೂರ ನಿಂತರೆ ಸೊಂಟದಿಂದ ಮೇಲಕ್ಕೆ ಬರುತ್ತದೆ, ಮೂಗು ಮುಖಕ್ಕೆ ತಕ್ಕಷ್ಟೇ ಇರುತ್ತದೆ. 35ರಲ್ಲಿ ಅಂಗಡಿಯೂ ಸೇರುತ್ತದೆ. ಲೆನ್ಸಿನ ಕಿಂಡಿ ದೊಡ್ಡದಾಗಿ ತೆರೆದು ಹಿನ್ನೆಲೆ ಪೂರ್ತಿ ಮಸುಕಾಗುವ ಎಫ್ 1.8 ಬಳಸಲಿಲ್ಲ. ಅಷ್ಟು ಜೋಪಾನವಾಗಿ ಉಳಿಸಿಕೊಂಡ ಅಂಗಡಿಯನ್ನು ಕರಗಿಸಿಬಿಟ್ಟರೆ ಏನು ಬಂತು? ಎಫ್ 4, ಕ್ಯಾಮೆರಾ ಕಣ್ಣು ತೆರೆದಿರುವುದು ಸೆಕೆಂಡಿನ 160ರ ಒಂದು ಭಾಗ, ಬೆಳಕಿಗೆ ಸೂಕ್ಷ್ಮತೆ ಐಎಸ್‌ಒ 800ರ ಆಸುಪಾಸು. ಫ್ಲ್ಯಾಶ್ ಇಲ್ಲ. ನೆರಳಿನ ಕೆನ್ನೆಗೆ ಒಂದಿಷ್ಟು ಬೆಳಕು ಬೇಕಾದಾಗ ಅಪ್ಪನ ಹತ್ತಿರವೇ ಇದ್ದ ಬಿಳಿ ಲೈನಿಂಗ್ ಬಟ್ಟೆಯನ್ನು ಪಕ್ಕದ ಹಗ್ಗಕ್ಕೆ ಇಳಿಬಿಟ್ಟೆ. ಅಂಗಡಿಗೆ ನಾನು ತಂದದ್ದು ಏನೂ ಇಲ್ಲ, ಒಪ್ಪಂದ ಮುರಿಯಲಿಲ್ಲ.

ಕ್ಯಾಮೆರಾ ಇಲ್ಲದವರು ಫೋನಿನಲ್ಲೂ ಇದನ್ನೆಲ್ಲ ಮಾಡಬಹುದು. ಹತ್ತಿರ ಹೋಗಿ 1ಎಕ್ಸ್‌ನಲ್ಲಿ ತೆಗೆಯಬೇಡಿ, ಮೂಗು ದೊಡ್ಡದಾಗುತ್ತದೆ. ಹಿಂದೆ ಸರಿದು 2ಎಕ್ಸ್ ಹಾಕಿ. ಬ್ಯೂಟಿ ಮೋಡ್ ಪೂರ್ತಿ ಸೊನ್ನೆ ಮಾಡಿ. ಪೋರ್ಟ್ರೇಟ್ ಮೋಡ್ ಕನ್ನಡಕದ ಅಂಚನ್ನೋ ಕಿವಿಯನ್ನೋ ಆಗಾಗ ನುಂಗುತ್ತದೆ, ಅದಿಲ್ಲದೆಯೂ ಒಂದಿಷ್ಟು ತೆಗೆದಿಟ್ಟುಕೊಳ್ಳಿ. ಮತ್ತೆ ಲೆನ್ಸ್ ಒರೆಸಿ, ದಯವಿಟ್ಟು.

ಆ ದಿನ ಬೆಳಿಗ್ಗೆ ಶಟರ್ ಎತ್ತುವುದರಿಂದಲೇ ನಾನು ಅಲ್ಲಿದ್ದೆ. ಬಾಗಿಲಿಗೆ ನೀರು ಚಿಮುಕಿಸಿದರು. ದೇವರಿಗೆ, ಮಾಸ್ತರರ ಫೋಟೊಗೆ, ಕತ್ತರಿಗೆ, ಕೊನೆಗೆ ಮೆಷಿನ್ನಿಗೆ ಊದುಬತ್ತಿ ತೋರಿಸಿದರು. ನನಗೋಸ್ಕರ ಯಾವುದನ್ನೂ ನಿಲ್ಲಿಸಬೇಡಿ, ಎರಡನೇ ಸಲ ಮಾಡಬೇಡಿ ಎಂದು ಮೊದಲೇ ಹೇಳಿದ್ದೆ. ಪೂಜೆಯನ್ನು ಮತ್ತೊಮ್ಮೆ ಮಾಡಿ ಅಂತ ಕೇಳುವ ಮದುವೆ ಫೋಟೊಗ್ರಾಫರುಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಆಮೇಲೆ ಸಫಾರಿ. ಅಪ್ಪ ಟೇಬಲ್ಲಿನ ಮುಂದೆ ನಿಂತರು. ಎದೆ ಮುಂದೆ, ಕೈ ಎರಡೂ ಪಕ್ಕಕ್ಕೆ, ಉಸಿರು ಹಿಡಿದು. ನಾನು ನಗಿ ಅನ್ನಲಿಲ್ಲ. ಕೈಯದೊಂದೇ ಸಮಸ್ಯೆ. ಕೆಲಸವಿಲ್ಲದ ಕೈ ಎಲ್ಲರನ್ನೂ ಕಾಡುತ್ತದೆ. ಒಂದು ಕೈಯನ್ನು ಟೇಬಲ್ಲಿನ ಮೇಲಿಡಲು ಹೇಳಿದೆ. ಆ ಕೈ ತಾನಾಗಿಯೇ ಅಡಿಕೋಲಿನ ಮೇಲೆ ಹೋಗಿ ಕೂತಿತು. ಕನ್ನಡಕದಲ್ಲಿ ಇಡೀ ರಸ್ತೆ ಕಾಣುತ್ತಿತ್ತು. ತೆಗೆಸಿದರೆ ಮೂಗಿನ ಮೇಲೆ ಎರಡು ಕುಳಿ, ಕಣ್ಣು ಬೇರೆ ಯಾರದೋ. ಅದಕ್ಕೇ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿಟ್ಟೆ. ಗಾಜು ಕೆಳಕ್ಕೆ ವಾಲಿತು, ರಸ್ತೆ ಹೋಯಿತು, ಕಣ್ಣು ಬಂತು. ಕ್ಯಾಮೆರಾವನ್ನು ಅವರ ಎದೆಯ ಮಟ್ಟಕ್ಕೆ ಇಳಿಸಿ, ನೇರ ಮುಂದಿನಿಂದ, ಹಳೆಯ ಸ್ಟುಡಿಯೊದವರ ಹಾಗೆಯೇ ತೆಗೆದೆ. ಸಾಕು ಅಂದದ್ದೂ ಅಪ್ಪನೇ.

ಬಟ್ಟೆ ಬದಲಿಸಿ ಟೇಪು ಕೊರಳಿಗೆ ಬಿದ್ದ ಮೇಲೆ ನಡೆದದ್ದು ಬೇರೆ. ಅಳಿಯನನ್ನು ಶಟರಿನಿಂದ ನಾಲ್ಕಡಿ ಒಳಗೆ, ರಸ್ತೆಗೆ ಪಕ್ಕವಾಗಿ ನಿಲ್ಲಿಸಿದೆ. ಅಪ್ಪ ಯಾವ ಕಡೆಯಿಂದ ಅಳತೆ ತೆಗೆದರೂ ಅವರ ಮುಖಕ್ಕೆ ಒಂದು ಬದಿಯ ಬೆಳಕು ಸಿಗಬೇಕು. ಅಳತೆ ಬರೆದುಕೊಳ್ಳುವ ಹುಡುಗ ಟೇಬಲ್ಲಿನ ಮೂಲೆಯಲ್ಲಿ. ನಾನು ಎದುರು ಮೂಲೆಯಲ್ಲಿ ಸ್ಟೂಲಿನ ಮೇಲೆ. ಸುಮ್ಮನೆ ಕೂತಿದ್ದ ದಿನಗಳಲ್ಲಿ ಅಪ್ಪ ಯಾವುದಾದ ಮೇಲೆ ಯಾವುದನ್ನು ಅಳೆಯುತ್ತಾರೆ ಅಂತ ನೋಡಿಟ್ಟುಕೊಂಡಿದ್ದೆ. ಉದ್ದ, ಭುಜ, ತೋಳು, ಎದೆ, ಸೊಂಟ, ಕೊನೆಗೆ ಕಾಲರ್. ಯಾವಾಗ ಬಗ್ಗುತ್ತಾರೆ, ಯಾವಾಗ ಹುಡುಗನ ಕಡೆ ತಿರುಗುತ್ತಾರೆ ಎಂದು ಗೊತ್ತಿದ್ದರಿಂದ ನಾನು ಜಾಗ ಬಿಟ್ಟು ಕದಲಬೇಕಾಗಿರಲಿಲ್ಲ.

“ಉದ್ದ ಇಪ್ಪತ್ತೊಂಬತ್ತು. ಭುಜ ಹದಿನೆಂಟೂವರೆ.” ಜೋರಾಗಿ, ಇಡೀ ಗಲ್ಲಿಗೆ ಕೇಳುವ ಹಾಗೆ ಹೇಳುತ್ತಾ ಹೋದರು. ಎದೆಯ ತನಕ ಹಾಗೇ. ಸೊಂಟಕ್ಕೆ ಬಂದಾಗ ಟೇಪು ಸುತ್ತಿದರು, ಎರಡು ಬೆರಳು ಒಳಗೆ ತೂರಿಸಿ ಸಡಿಲ ನೋಡಿದರು, ಒಂದು ಕ್ಷಣ ನಿಂತರು. ಆಮೇಲೆ ಟೇಪನ್ನು ಕೈಯಲ್ಲೇ ಹಿಡಿದು, ಹುಡುಗನ ಕಡೆ ಬಗ್ಗಿ, ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದರು.

ಅಳಿಯನ ಹೊಟ್ಟೆ ಅಲ್ವಾ. ಎಲ್ಲರೆದುರು ಹೇಗೆ ಕೂಗುವುದು? ಆದರೆ ಇದು ಅಳಿಯನಿಗೆ ಮಾತ್ರ ಅಲ್ಲವಂತೆ. ಯಾವ ಗಿರಾಕಿಯ ಸೊಂಟವನ್ನೂ ಅಪ್ಪ ಜೋರಾಗಿ ಹೇಳುವುದಿಲ್ಲ, ಮಾಸ್ತರರು ಹಾಗೇ ಕಲಿಸಿದ್ದು ಎಂದು ಆ ಹುಡುಗ ಆಮೇಲೆ ಹೇಳಿದ. ನಾನು ಆ ಅಂಗಡಿಯಲ್ಲೇ ಹೋಂವರ್ಕ್ ಮಾಡಿ ಬೆಳೆದವನು, ಗಮನಿಸಿರಲೇ ಇಲ್ಲ. ಫೋಟೊ ಸಿಕ್ಕಿದ್ದು ಆಗ. ಬಗ್ಗಿದ ಬೆನ್ನು, ಕನ್ನಡಕದ ಮೇಲಿನಿಂದ ಅಳಿಯನನ್ನು ಓರೆಯಾಗಿ ನೋಡುವ ಕಣ್ಣು, ತುಟಿಗೆ ಅಡ್ಡ ಹಿಡಿದ ಕೈ, ಆ ಕೈಯಿಂದ ಇಳಿಬಿದ್ದ ಹಳದಿ ಟೇಪು. ಹುಡುಗ ನಗು ತಡೆದುಕೊಂಡು ಬರೆಯುತ್ತಿದ್ದಾನೆ. ಅಳಿಯನಿಗೆ ಎಲ್ಲ ಕೇಳಿಸಿದೆ, ಚಾವಣಿ ನೋಡುತ್ತಿದ್ದಾನೆ.

ನಡುವೆ ಗಿರಾಕಿಗಳು ಬಂದರು. “ನಂದಾಯ್ತಾ?” ಅಂತ ಒಬ್ಬರು, ಝಿಪ್ ಹಾಕಿಸಲು ಒಬ್ಬರು. ಅಂಗಡಿ ಮುಚ್ಚಿ ಫೋಟೊ ತೆಗೆಯೋಣ ಎಂದು ತಂಗಿ ಹೇಳಿದ್ದಳು. ಮುಚ್ಚದೇ ಇದ್ದದ್ದು ಒಳ್ಳೆಯದಾಯಿತು. ಅವರ ಜೊತೆ ಮಾತಾಡುವಾಗ ಅಪ್ಪ ನನ್ನನ್ನು ಪೂರ್ತಿ ಮರೆತರು. ಕಟಿಂಗ್ ಮಾಡುವಾಗ ಕತ್ತರಿಯ ಜೊತೆ ಕೆಳದವಡೆ ಸಣ್ಣಗೆ ಆಡುವುದನ್ನೂ ಹಿಡಿದೆ. ಎದುರಿನ ಬೋರ್ಡಿಗೆ ಬಿಸಿಲು ಬೀಳುವಷ್ಟರಲ್ಲಿ ಕ್ಯಾಮೆರಾ ಚೀಲಕ್ಕೆ ಹೋಗಿತ್ತು. ಅಮ್ಮ ಊಟ ತಂದಾಗ ಇಬ್ಬರನ್ನೂ ಮೆಷಿನ್ ಪಕ್ಕ ಕೂರಿಸಿ ಫೋನಿನಲ್ಲಿ ಒಂದು ತೆಗೆದೆ. ಕಾಜಾ, ಗುಂಡಿ ಎಲ್ಲ ಮನೆಯಲ್ಲಿ ಕೂತು ಇಷ್ಟು ವರ್ಷ ಹಾಕಿದವಳು ಅವಳು, ಅಂಗಡಿಯ ಯಾವ ಫೋಟೊದಲ್ಲೂ ಇರಲಿಲ್ಲ.

ಆರಿಸುವಾಗ ಮನೆ ಎರಡು ಪಕ್ಷವಾಯಿತು. ತಂಗಿಗೆ ಸೊಂಟದ ಗುಟ್ಟಿನ ಫೋಟೊವೇ ಬೇಕು. ಅದಕ್ಕೆ ಯಾರೂ ಹಾರ ಹಾಕಲು ಸಾಧ್ಯವಿಲ್ಲ ಎಂಬುದು ಅವಳ ವಾದ, ಸರಿಯಾಗಿಯೇ ಇದೆ. ಅಮ್ಮನಿಗೆ ಸಫಾರಿಯದು. “ಇದ್ರಾಗೆ ನಿಮ್ಮಪ್ಪ ಯಜಮಾನ್ರ ಹಂಗೆ ಕಾಣ್ತಾರೆ” ಎಂದಳು. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ ನಾನೂ ಈಗ ಅಮ್ಮನ ಕಡೆಗೇ ವಾಲುತ್ತಿದ್ದೇನೆ. ಆ ಬಿಗಿತದಲ್ಲಿ, ಅಡಿಕೋಲಿನ ಮೇಲಿನ ಆ ಬೆರಳುಗಳಲ್ಲಿ ಏನೋ ಇದೆ. ಎರಡನ್ನೂ ಪ್ರಿಂಟ್ ಹಾಕಿಸಿದೆವು, 12 ಇಂಚಿಗೆ 18. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ, 6000 ಇಂಟು 4000 ಚುಕ್ಕಿ. ಇಂಚಿಗೆ 300ರ ಲೆಕ್ಕದಲ್ಲಿ ಆ ಅಳತೆಗೆ ಬೇಕಾದ್ದು 5400 ಇಂಟು 3600, ಆರಾಮಾಗಿ ಸಾಕು. ಹಾಲಿನಲ್ಲಿ ಕಿಟಕಿಯ ಎದುರು ಗೋಡೆ, ಹೊಳಪಿನ ಕಾಗದದಲ್ಲಿ ಕಿಟಕಿಯೇ ಕಾಣುತ್ತದೆ ಅಂತ ಮ್ಯಾಟ್ ಕಾಗದ ಹಾಕಿಸಿದೆ. ಮಾನಿಟರಿನ ಬೆಳಕು ತಗ್ಗಿಸಿ ನೋಡಿ, ಒಂದು ಸಣ್ಣ ಪ್ರಿಂಟ್ ತೆಗೆಸಿ ಆಮೇಲೆ ದೊಡ್ಡದು. ಇಲ್ಲದಿದ್ದರೆ ಪ್ರಿಂಟ್ ಯಾವಾಗಲೂ ಅಂದುಕೊಂಡದ್ದಕ್ಕಿಂತ ಕತ್ತಲಾಗಿಯೇ ಬರುತ್ತದೆ.

ಲ್ಯಾಬಿನ ಹುಡುಗ ಫೈಲ್ ತೆರೆದವನೇ, “ಫೇಸ್ ಸ್ವಲ್ಪ ಫೇರ್ ಮಾಡ್ಲಾ ಸಾರ್?” ಎಂದು ಕೇಳಿದ. ಅವನ ತಪ್ಪಲ್ಲ, ಎಲ್ಲರೂ ಅದನ್ನೇ ಕೇಳುತ್ತಾರಂತೆ. ಬೇಡ ಎಂದೆ. ಶರ್ಟಿನ ಮೇಲೆ ಬಿದ್ದಿದ್ದ ಒಂದು ದಾರದ ಎಳೆಯನ್ನು ಮಾತ್ರ ನಾನೇ ಅಳಿಸಿದ್ದೆ. ಹಣೆಯ ಗೆರೆ, ಕೆನ್ನೆಯ ಮಚ್ಚೆ, ಬಲ ಹೆಬ್ಬೆರಳ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಆದ ಗಂಟು, ಎಲ್ಲ ಹಾಗೇ ಇವೆ.

ಪ್ರಿಂಟು ಅಪ್ಪನ ಕೈಗೆ ಕೊಟ್ಟಾಗ ಅವರು ಮುಖ ನೋಡಲೇ ಇಲ್ಲ. ಕನ್ನಡಕ ಸರಿಮಾಡಿಕೊಂಡು ಸಫಾರಿಯ ಕಾಲರ್ ನೋಡಿದರು. “ಎಡಗಡೆ ಒಂದು ಎಳೆ ಎದ್ದೈತಿ ನೋಡು. ಕ್ಯಾನ್ವಾಸ್ ಕುಗ್ಗೈತಿ” ಎಂದರು. ಆಮೇಲೆ, ಇದರಲ್ಲೇ ಮುಖ ಮಾತ್ರ ಕತ್ತರಿಸಿ ಪಾಸ್‌ಪೋರ್ಟ್ ಸೈಜ್ ಮಾಡಿಸಿಕೊಡು, ಬಸ್ಸಿನ ಹಿರಿಯ ನಾಗರಿಕರ ಕಾರ್ಡಿಗೆ ಬೇಕು ಎಂದು ಕೇಳಿದರು. ಹಿಂದೆ ಅಂಗಡಿ ಕಾಣುತ್ತದೆ, ಅದಕ್ಕೆಲ್ಲ ಬಿಳಿ ಹಿನ್ನೆಲೆಯೇ ಆಗಬೇಕು ಎಂದೆ. ಮರುದಿನ ಅದೇ ಸಫಾರಿ ಹಾಕಿಕೊಂಡು, ತಲೆ ಬಾಚಿ, ಪಕ್ಕದ ರಸ್ತೆಯ ಸ್ಟುಡಿಯೊಗೆ ತಾವೇ ಹೋಗಿ ಬಂದರು.